ಸೊಪ್ಪಿಲ್ಲದ ಬೆಟ್ಟ

ನಮ್ಮ ಶಿರಸಿ ಕಡೆ ಬೆಟ್ಟ ಅಂದರೆ ಹತ್ತುವ ಜಾಗವಲ್ಲ. ಅದು ಎತ್ತರ ಇರಬೇಕೆಂದೂ ಇಲ್ಲ. ಅಡಿಕೆ ತೋಟದವರು ಸೊಪ್ಪು, ದರಕು ತಂದುಕೊಳ್ಳಲಿ ಅಂತ ಬಿಟ್ಟುಕೊಟ್ಟ ಕಾಡಿನ ತುಂಡಿಗೆ ನಾವು ಬೆಟ್ಟ ಅನ್ನುತ್ತೇವೆ. ಸೊಪ್ಪಿನ ಬೆಟ್ಟ. ನೆಲ ಸರ್ಕಾರದ್ದು, ಮರವೂ ಸರ್ಕಾರದ್ದು, ಸೊಪ್ಪು ಮಾತ್ರ ನಮ್ಮದು. ಬೇಸಿಗೆಯಲ್ಲಿ ಒಣಗಿ ಬಿದ್ದ ಎಲೆಯನ್ನು ಗುಡಿಸಿ ಕಲ್ಲಿಗಳಲ್ಲಿ ತುಂಬಿ ತಂದು ಕೊಟ್ಟಿಗೆಗೆ ಹಾಸುವುದು, ಅದು ಗೊಬ್ಬರವಾಗಿ ತೋಟಕ್ಕೆ ಹೋಗುವುದು. ‘ಬೆಟ್ಟಕ್ಕೆ ಹೋಗಿದ್ದೆ’ ಅಂತ ಯಾರಾದರೂ ಹೇಳಿದರೆ ಬೆನ್ನು ನೋಯುತ್ತಿದೆ ಅಂತ ಅರ್ಥ. ಸುಮ್ಮನೆ ಬೆಟ್ಟಕ್ಕೆ ಹೋಗಿ ಸುಮ್ಮನೆ ವಾಪಸ್ಸು ಬಂದವರನ್ನು ನಾನು ಊರು ಬಿಡುವವರೆಗೆ ನೋಡಿರಲಿಲ್ಲ.

ಹಾಗೆ ಹೋಗಿ ಬರುವವರನ್ನು ಸಾವಿರಾರು ಸಂಖ್ಯೆಯಲ್ಲಿ ನೋಡಿದ್ದು ಅಮೆರಿಕದ ಸಿಯಾಟಲ್‌ಗೆ ಬಂದ ಮೇಲೆ. ಸಿಯಾಟಲ್‌ನಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದು ಮೂವತ್ತು ಕಿಲೋಮೀಟರಿನಷ್ಟು ಬಂದರೆ ಇಸಕ್ವಾ ಅನ್ನುವ ಊರು. ಅದರ ಬೆನ್ನಿಗೆ ಮೂರು ಗುಡ್ಡ: ಕೂಗರ್, ಸ್ಕ್ವಾಕ್, ಟೈಗರ್. ಟೈಗರ್ ಮೌಂಟನ್‌ನಲ್ಲಿ ಹುಲಿ ಇಲ್ಲ. ಕಪ್ಪು ಕರಡಿ ಇದೆ, ಜಿಂಕೆ ಇದೆ, ಕೂಗರ್ ಎಂಬ ಹೆಸರಿನ ಬೆಟ್ಟದ ಸಿಂಹ ಎಲ್ಲಾ ಗುಡ್ಡಗಳಲ್ಲೂ ಇದೆ. ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಮೋಡ ಇಲ್ಲದ ದಿನ ಟೈಗರ್‌ನ ಪಶ್ಚಿಮದ ಮಗ್ಗುಲು ಕಾಣುತ್ತದೆ. ಮೋಡ ಇಲ್ಲದ ದಿನಗಳು ಇಲ್ಲಿ ಕಡಿಮೆ. ಸಿಯಾಟಲ್ ಮಳೆಯ ಊರೆಂದು ಹೆಸರಾಗಿದೆ, ಆದರೆ ವರ್ಷದ ಸರಾಸರಿ 40 ಇಂಚಿನ ಒಳಗೇ. ಮಲೆನಾಡಿನವರಿಗೆ ಅದು ಮಳೆಯೇ ಅಲ್ಲ, ಒದ್ದೆ ಗಾಳಿ. ತಿಂಗಳುಗಟ್ಟಲೆ ನಿಲ್ಲದೆ ಜಿನುಗುತ್ತದೆ ಅಷ್ಟೆ.

ಈ ಗುಡ್ಡಗಳಿಗೆ ‘ಇಸಕ್ವಾ ಆಲ್ಪ್ಸ್’ ಅಂತ ಹೆಸರು ಕೊಟ್ಟವರು ಹಾರ್ವಿ ಮ್ಯಾನಿಂಗ್ ಎಂಬ ಲೇಖಕರು. ಹೆಚ್ಚೆಂದರೆ ಮೂರು ಸಾವಿರ ಅಡಿಯ ಆಸುಪಾಸಿನ ಗುಡ್ಡಗಳಿಗೆ ಯುರೋಪಿನ ಹಿಮಪರ್ವತದ ಹೆಸರಿಟ್ಟದ್ದರಲ್ಲಿ ತಮಾಷೆಯೂ ಇತ್ತು, ಲೆಕ್ಕಾಚಾರವೂ ಇತ್ತು. ದೊಡ್ಡ ಹೆಸರಿದ್ದರೆ ಜನ ತಿರುಗಿ ನೋಡುತ್ತಾರೆ. 1979ರಲ್ಲಿ ಅವರೂ ಗೆಳೆಯರೂ ಸೇರಿ ಇಸಕ್ವಾ ಆಲ್ಪ್ಸ್ ಟ್ರೇಲ್ಸ್ ಕ್ಲಬ್ ಕಟ್ಟಿದರು. ದೂರದ ಹಿಮಶಿಖರಗಳನ್ನು ಉಳಿಸುವ ಮಾತು ಎಲ್ಲರೂ ಆಡುತ್ತಿದ್ದ ಕಾಲದಲ್ಲಿ, ನಗರದ ಬಸ್ಸಿನಲ್ಲಿ ಬಂದಿಳಿದು ನಡೆಯಬಹುದಾದ ಕಾಡು ಉಳಿಯಬೇಕು ಅನ್ನುವುದು ಅವರ ವಾದ. ನಗರ ಗುಡ್ಡದ ಬುಡಕ್ಕೆ ಬಂದಾಗಿತ್ತು, ಇನ್ನು ಮೇಲೇರುವುದಷ್ಟೇ ಬಾಕಿ. 1981ರಲ್ಲಿ ಟೈಗರ್ ರಾಜ್ಯ ಅರಣ್ಯವಾಯಿತು. 1987ರಲ್ಲಿ ವಾಷಿಂಗ್ಟನ್ ರಾಜ್ಯ ನಿಸರ್ಗ ಸಂರಕ್ಷಣಾ ಪ್ರದೇಶಗಳ ಕಾನೂನು ತಂದಿತು. ಆಮೇಲೆ ಟೈಗರ್‌ನ ಪಶ್ಚಿಮ ಭಾಗ, ಸುಮಾರು 4,400 ಎಕರೆ, ಆ ಪಟ್ಟಿಗೆ ಸೇರಿತು. ಅಲ್ಲಿ ಮಾರಾಟಕ್ಕೆ ಮರ ಕಡಿಯುವಂತಿಲ್ಲ. ಕಾಡಿಗೆ ಪೆಟ್ಟಾಗದ ಹಾಗೆ ನಡೆಯಬಹುದು.

ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ನಮ್ಮ ಕಡೆಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು 1983ರ ಸೆಪ್ಟೆಂಬರಿನಲ್ಲಿ. ಅಪ್ಪಿಕೋ ಚಳವಳಿಯ ಕತೆ ಕೇಳಿಕೊಂಡು ಬೆಳೆದವನು ನಾನು. ಭೂಮಿಯ ಈ ತುದಿಯಲ್ಲೂ ಆ ತುದಿಯಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಜನ ತಮ್ಮ ಪಕ್ಕದ ಗುಡ್ಡಕ್ಕಾಗಿ ಎದ್ದು ನಿಂತಿದ್ದರು ಅನ್ನುವುದು ನನಗೆ ಖುಷಿ ಕೊಡುವ ಸಂಗತಿ. ಆದರೆ ನಮ್ಮವರು ಕೇಳಿದ್ದು ನೀರು, ಸೊಪ್ಪು, ಮಣ್ಣು. ಇಲ್ಲಿಯವರು ಕೇಳಿದ್ದು ನಡೆಯಲು ಜಾಗ. ಬಹಳ ವರ್ಷ ಈ ಎರಡನೆಯದು ನನಗೆ ಹೊಟ್ಟೆ ತುಂಬಿದವರ ಬೇಡಿಕೆಯಾಗಿ ಕೇಳಿಸುತ್ತಿತ್ತು.

ಹಾಗಂತ ನಾನು ಹೋಗುತ್ತಿರಲಿಲ್ಲ ಅಂತಲ್ಲ. ಇಲ್ಲಿರುವ ಭಾರತದ ಸಾಫ್ಟ್‌ವೇರ್‌ನವರ ವಾರಾಂತ್ಯಕ್ಕೆ ಒಂದು ಕ್ರಮ ಇದೆ. ಶನಿವಾರ ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಕಾಸ್ಟ್‌ಕೋದಲ್ಲಿ ಸಾಮಾನು, ಭಾನುವಾರ ಮಕ್ಕಳ ಕನ್ನಡ ಕ್ಲಾಸು ಅಥವಾ ಸಂಗೀತ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದ ಗುಡ್ಡವನ್ನು ಈಗ ಅವಳು ನಮಗಿಂತ ಮುಂದೆ ಓಡಿ ಹತ್ತುತ್ತಾಳೆ. ಶನಿವಾರ ಎಂಟು ಗಂಟೆಗೆ ಮೊದಲೇ ಹೋಗದಿದ್ದರೆ ಕಾರು ನಿಲ್ಲಿಸಲು ಜಾಗ ಇಲ್ಲ, ಹೆದ್ದಾರಿಯ ಪಕ್ಕದ ರಸ್ತೆಯುದ್ದಕ್ಕೂ ಕಾರುಗಳು. ಈ ಕಾಟಕ್ಕೇ ಕೌಂಟಿಯವರು 2017ರಿಂದ ವಾರಾಂತ್ಯಗಳಲ್ಲಿ ಗುಡ್ಡದ ಬುಡಕ್ಕೆ ಬಸ್ಸು ಬಿಡಲು ಶುರುಮಾಡಿದರು. ರಾಜ್ಯದ ಜಾಗದಲ್ಲಿ ಕಾರು ನಿಲ್ಲಿಸಲು ಪಾಸು ಬೇಕು. ಆಗ ದಿನಕ್ಕೆ 10 ಡಾಲರ್, ವರ್ಷಕ್ಕೆ 30. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಗುಡ್ಡ ಹತ್ತಲೆ ದುಡ್ಡು ಕೊಡವಾ?”

*

2023ರ ಮಾರ್ಚ್ ತಿಂಗಳಲ್ಲಿ ನನ್ನ ಕೆಲಸ ಹೋಯಿತು. ಆ ವರ್ಷ ಇಲ್ಲಿ ಅದು ಸುದ್ದಿಯೇ ಅಲ್ಲ. ಬೆಳಿಗ್ಗೆ ಒಂದು ಇಮೇಲು, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಹನ್ನೊಂದು ವರ್ಷದ ಗುರುತು ಕಾರ್ಡನ್ನು ಅಂಚೆಯಲ್ಲಿ ಕಳಿಸಲು ರಟ್ಟಿನ ಡಬ್ಬಿ ಬಂತು. ನನ್ನ ಜೊತೆಗೇ ಕೆಲಸ ಕಳೆದುಕೊಂಡವರಲ್ಲಿ ದಾವಣಗೆರೆಯ ಗೆಳೆಯನೊಬ್ಬನಿದ್ದ. ಒಂದೇ ಕಟ್ಟಡದಲ್ಲಿ ಎದುರುಬದುರು ಮನೆ ನಮ್ಮದು.

ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಹೋಗುವುದು ಸಂಬಳ ಮಾತ್ರ ಅಲ್ಲ. ಕೆಲಸದ ಕೊನೆಯ ದಿನದಿಂದ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಬಗೆಯ ವೀಸಾಕ್ಕೆ ನೀವೇ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಹೆಂಡತಿಯ ವೀಸಾ ನನ್ನ ವೀಸಾಕ್ಕೆ ಕಟ್ಟಿದ್ದು. ಮಗಳು ಇಲ್ಲೇ ಹುಟ್ಟಿದವಳು, ಅವಳಿಗೆ ಯಾವ ದಿನದ ಲೆಕ್ಕವೂ ಇಲ್ಲ. ಮನೆಯಲ್ಲಿ ಮೂವರಲ್ಲಿ ಏಳು ವರ್ಷದವಳಿಗೆ ಮಾತ್ರ ಇಲ್ಲಿರುವ ಹಕ್ಕು ಅನ್ನುವ ವಿಚಿತ್ರ ಆ ದಿನಗಳಲ್ಲಿ ಊಟಕ್ಕೆ ಕೂತಾಗೆಲ್ಲ ನೆನಪಾಗುತ್ತಿತ್ತು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ 60 ಚೌಕಗಳನ್ನು ಎಣಿಸಿ ಕೊನೆಯದಕ್ಕೆ ಒಂದು ಸಣ್ಣ ಚುಕ್ಕಿ ಇಟ್ಟಳು. ವೃತ್ತ ಹಾಕಿದರೆ ಮಗಳು ಯಾರ ಹುಟ್ಟುಹಬ್ಬ ಅಂತ ಕೇಳುತ್ತಾಳೆ ಅಂತ.

ಬೆಳಿಗ್ಗೆ ಆರರಿಂದ ಹತ್ತರವರೆಗೆ ಅರ್ಜಿ ಹಾಕುವುದು, ಪರಿಚಿತರಿಗೆ ಬರೆಯುವುದು. ರಾತ್ರಿ ಊಟದ ನಂತರ ಸಂದರ್ಶನದ ತಯಾರಿ. ನಡುವಿನ ಹೊತ್ತು ಮನೆಯಲ್ಲಿ ಕೂತರೆ ಫೋನು ನೋಡುವುದೊಂದೇ ಕೆಲಸ. ಮೂರನೆಯ ದಿನ ಎದುರು ಮನೆಯ ಗೆಳೆಯ ಬಾಗಿಲು ತಟ್ಟಿದ. “ಭಟ್ರೆ, ಇಲ್ಲೇ ಕುಂತ್ರೆ ತಲೆ ಕೆಡ್ತತಿ. ನಡೀರಿ, ಎಲ್ಲಿಗಾದ್ರೂ ಹೋಗೋಣ,” ಅಂದ. ಹತ್ತು ನಿಮಿಷದ ದಾರಿ ಟೈಗರ್. ವರ್ಷದ ಪಾಸು ಮೊದಲೇ ಇತ್ತು. ಸಂಬಳ ಇಲ್ಲದವರಿಗೆ ಅದಕ್ಕಿಂತ ಅಗ್ಗದ ಜಾಗ ಸಿಗುವುದಿಲ್ಲ.

ಹಾಗೆ ನಾವು ಮಂಗಳವಾರದ ಗುಡ್ಡವನ್ನು ಮೊದಲ ಸಲ ನೋಡಿದ್ದು. ಶನಿವಾರದ ಗುಡ್ಡವೇ ಬೇರೆ, ಮಂಗಳವಾರದ್ದೇ ಬೇರೆ. ಕಾರು ನಿಲ್ಲಿಸುವ ಜಾಗದಲ್ಲಿ ಎಂಟು ಹತ್ತು ಕಾರುಗಳಷ್ಟೆ. ನಡೆಯುವವರು ನಿವೃತ್ತರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸುಗಳು, ನಾಯಿ ತಿರುಗಿಸುವವರು. ದೊಡ್ಡ ಬೆನ್ನುಚೀಲದಲ್ಲಿ ನೀರಿನ ಕ್ಯಾನು ತುಂಬಿಕೊಂಡು ಹತ್ತುವ ಒಂದಿಬ್ಬರು ಯಾವಾಗಲೂ ಇರುತ್ತಾರೆ. ಅವರು ರೇನಿಯರ್ ಪರ್ವತಕ್ಕೆ ತಯಾರಾಗುತ್ತಿರುವವರು. ಭಾರ ಹೊತ್ತು ಹತ್ತಿ, ಇಳಿಯುವಾಗ ಮಂಡಿಗೆ ತೊಂದರೆ ಬೇಡ ಅಂತ ತುದಿಯಲ್ಲಿ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿಯುತ್ತಾರೆ. ಅವರ ಜೊತೆಗೆ ಒಂದು ಹೊಸ ಗುಂಪೂ ಇತ್ತು. ಮೂವತ್ತು ನಲವತ್ತರ ವಯಸ್ಸು, ಕಂಪನಿ ಹೆಸರಿನ ಜಾಕೆಟ್ಟು, ಕೈಯಲ್ಲಿ ಫೋನು. ಅವರ ಕಣ್ಣು ತಪ್ಪಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ವಾರ ಕಳೆದ ಮೇಲೆ ಪರಸ್ಪರ ತಲೆಯಾಡಿಸಲು ಶುರುಮಾಡಿದೆವು. ಎಷ್ಟನೇ ದಿನ ಅಂತ ಯಾರೂ ಯಾರನ್ನೂ ಕೇಳಲಿಲ್ಲ.

ನಾವು ಹತ್ತುತ್ತಿದ್ದದ್ದು ವೆಸ್ಟ್ ಟೈಗರ್ 3 ಎಂಬ ತುದಿ. 2,522 ಅಡಿ. ಬುಡದಿಂದ ಹೋಗಿ ಬರಲು ಸುಮಾರು ಎಂಟು ಕಿಲೋಮೀಟರು, ಏರು ಎರಡು ಸಾವಿರ ಅಡಿ. ತುದಿಯಲ್ಲಿ ಒಂದು ಸಣ್ಣ ಬಯಲು, ಮೋಡ ಸರಿದರೆ ಕೆಳಗೆ ಸರೋವರಗಳು, ದೂರದಲ್ಲಿ ನಗರ. “ಇಷ್ಟು ಹತ್ತಿದ್ರೂ ಮೇಲೊಂದು ಗುಡೀನೂ ಇಲ್ಲ,” ಅಂತ ಗೆಳೆಯ ಮೊದಲ ದಿನ ಬೇಸರಪಟ್ಟ. ಅದು ನಿಜವಾದ ಮಾತು. ನಮ್ಮ ಗುಡ್ಡಗಳ ನೆತ್ತಿಯಲ್ಲಿ ದೇವರಿದ್ದಾನೆ, ಅದಕ್ಕೇ ಹತ್ತುತ್ತೇವೆ. ಹತ್ತಿದ ಮೇಲೆ ಕೈ ಮುಗಿಯುವುದಿದೆ, ಪ್ರಸಾದ ಇದೆ, ಇಳಿಯಲು ಒಂದು ಕಾರಣ ಇದೆ. ಇಲ್ಲಿ ತುದಿಗೆ ಹೋಗಿ ನಿಂತು, ಅವನ ಹೆಂಡತಿ ಕಟ್ಟಿಕೊಟ್ಟ ಒಗ್ಗರಣೆ ಮಂಡಕ್ಕಿ ತಿಂದು, ಫೋನು ನೋಡಿ ಇಳಿಯುವುದು. ಪಕ್ಕದ ತುದಿಯ ಮೇಲೆ ಸಂಪರ್ಕ ಗೋಪುರಗಳಿವೆ, ಸಿಗ್ನಲ್ಲಿಗೆ ಕೊರತೆಯಿಲ್ಲ. ‘ನಿಮ್ಮ ಅರ್ಜಿಗೆ ಧನ್ಯವಾದಗಳು, ಆದರೆ’ ಎಂದು ಶುರುವಾಗುವ ಇಮೇಲುಗಳನ್ನು ನಾನು ಅತಿ ಹೆಚ್ಚು ಓದಿದ್ದು ಆ ಬಯಲಿನಲ್ಲಿ.

ಕೆಲಸ ಹೋದದ್ದನ್ನು ಮನೆಗೆ ಅವತ್ತೇ ಹೇಳಿದ್ದೆ. ಆಯಿ ದೇವರಿಗೆ ಹರಕೆ ಹೊತ್ತರು. ಅಪ್ಪಯ್ಯ ಹೆಚ್ಚೇನೂ ಕೇಳಲಿಲ್ಲ. ದಿನವೂ ಮಧ್ಯಾಹ್ನ ಏನು ಮಾಡುತ್ತೇನೆ ಅಂದಾಗ ಬೆಟ್ಟಕ್ಕೆ ಹೋಗುತ್ತೇನೆ ಅಂದೆ. ಬಾಯಿಗೆ ಬಂದದ್ದು ಆ ಪದವೇ. “ಸೊಪ್ಪು ಇಲ್ಲದ ಬೆಟ್ಟಕ್ಕೆ ಎಂತಕ್ಕೆ ಹೋಗ್ತೆ ತಮಾ?” ಅಂದರು. ಹಾಸ್ಯಕ್ಕೆ ಅಂದದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ರಿಕ್ರಿಯೇಷನ್ ಅನ್ನುತ್ತಾರೆ. ನಾವು ಅದಕ್ಕೆ ಮನರಂಜನೆ ಅಂತಲೋ ವಿಹಾರ ಅಂತಲೋ ಹೇಳುತ್ತೇವೆ. ಚಾರಣ ಅನ್ನುವ ಪದವೂ ಈಗ ಬಳಕೆಯಲ್ಲಿದೆ. ಯಾವುದೂ ನನ್ನ ಮಂಗಳವಾರಗಳಿಗೆ ಹೊಂದುತ್ತಿರಲಿಲ್ಲ. ವಿಹಾರಕ್ಕೆ ಬಿಡುವು ಬೇಕು, ಬಿಡುವಿಗೆ ಕೆಲಸ ಬೇಕು. ಐದು ದಿನ ದುಡಿದವನ ಶನಿವಾರಕ್ಕೆ ಒಂದು ರುಚಿ ಇದೆ. ದುಡಿಮೆ ಇಲ್ಲದವನಿಗೆ ಏಳು ದಿನವೂ ಒಂದೇ ಬಣ್ಣ. ಗುಡ್ಡ ಅದೇ, ದಾರಿ ಅದೇ, ಹೂ ಬಿಟ್ಟ ಟ್ರಿಲಿಯಮ್ ಗಿಡಗಳ ಮೂರೇ ಮೂರು ಬಿಳಿ ಎಸಳೂ ಅವೇ. ಆದರೆ ಇದನ್ನು ಅನುಭವಿಸಲು ನನಗೆ ಯಾರದೋ ಅನುಮತಿ ಬೇಕು ಅನ್ನುವ ಹಾಗಿತ್ತು.

ಆಗ ನಾನು ದಾರಿಯ ಪಕ್ಕದ ಮೋಟುಗಳನ್ನು ನೋಡತೊಡಗಿದೆ. ಶನಿವಾರಗಳಲ್ಲೂ ಅವು ಅಲ್ಲೇ ಇದ್ದವು, ನಿಂತು ನೋಡುವಷ್ಟು ಸಮಯ ಇರಲಿಲ್ಲ. ನಮ್ಮ ಮನೆಯ ಜಗುಲಿಯಷ್ಟು ಅಗಲದ ಮೋಟುಗಳು. ಆಳೆತ್ತರದಲ್ಲಿ ಎರಡೂ ಕಡೆ ಬಾಯಿಯಂಥ ಕಚ್ಚುಗಳು. ಮರ ಕಡಿಯುವವರು ಆ ಕಚ್ಚಿಗೆ ಹಲಗೆ ಸಿಕ್ಕಿಸಿ ಅದರ ಮೇಲೆ ನಿಂತು ಇಬ್ಬರು ಎಳೆಯುವ ಗರಗಸದಲ್ಲಿ ಕುಯ್ಯುತ್ತಿದ್ದರು. ಇಡೀ ಗುಡ್ಡ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೀಗೆ ಬೋಳಾದದ್ದು. ಮರ ಸಾಗಿಸಲು ಗುಡ್ಡಕ್ಕೆ ರೈಲು ಹಳಿ ಹಾಕಿದ್ದರು. ಈಗ ನಾವು ನಡೆಯುವ ಕೆಲವು ಸಮತಟ್ಟಾದ ದಾರಿಗಳು ಆ ಹಳಿಗಳ ಜಾಗವೇ. ಆಚೆ ತುದಿಗೆ ಪೂ ಪೂ ಪಾಯಿಂಟ್ ಅಂತ ಒಂದು ಜಾಗ ಇದೆ. ಪ್ಯಾರಾಗ್ಲೈಡರುಗಳು ಅಲ್ಲಿಂದ ಗಾಳಿಗೆ ಹಾರುತ್ತಾರೆ, ಮಕ್ಕಳು ಹೆಸರು ಕೇಳಿ ನಗುತ್ತಾರೆ. ಅದು ಮರ ಎಳೆಯುವ ಯಂತ್ರದ ಸೀಟಿಯ ಸದ್ದಿನಿಂದ ಬಂದ ಹೆಸರು.

ಅಂದರೆ ಈ ‘ಕಾಡು’ ನೂರು ವರ್ಷದ ಹಿಂದೆ ಒಂದು ಕೆಲಸದ ಜಾಗ. ಕೆಲಸ ಮುಗಿಯಿತು, ಕೆಲಸಗಾರರು ಹೋದರು, ಮರ ಬೆಳೆಯಿತು. ಬೋಳು ನೆಲಕ್ಕೆ ಮೊದಲು ಬಂದದ್ದು ಆಲ್ಡರ್ ಮರಗಳು. ಅವುಗಳ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಅದರ ಮೇಲೆ ಡಗ್ಲಸ್ ಫರ್, ಹೆಮ್ಲಾಕ್, ಸೀಡರ್. ಹೆಮ್ಲಾಕ್ ಸಸಿಗಳು ನೆಲಕ್ಕಿಂತ ಹೆಚ್ಚಾಗಿ ಕೊಳೆಯುತ್ತಿರುವ ಮೋಟುಗಳ ಮೇಲೇ ಹುಟ್ಟುತ್ತವೆ. ಬೇರುಗಳು ಮೋಟನ್ನು ಕೈಯಲ್ಲಿ ಹಿಡಿದಂತೆ ಸುತ್ತುವರಿದು ನೆಲಕ್ಕೆ ಇಳಿಯುತ್ತವೆ. ಇದು ನನಗೆ ಸಮಾಧಾನ ಕೊಟ್ಟಿತು ಅಂತ ಹೇಳಲಾರೆ. ನೂರು ವರ್ಷದ ಲೆಕ್ಕದಲ್ಲಿ ಬದುಕುವವರಿಗೆ 60 ದಿನದ ಲೆಕ್ಕ ಹೇಳಿ ಪ್ರಯೋಜನ ಇಲ್ಲ ಅನ್ನಿಸಿತು ಅಷ್ಟೆ.

ಗುಡ್ಡದ ಉಳಿದ ಭಾಗದಲ್ಲಿ ಈಗಲೂ ಮರ ಕಡಿಯುತ್ತಾರೆ. ಅದು ಟ್ರಸ್ಟ್ ಜಮೀನು. ಮರ ಮಾರಿದ ಹಣ ಶಾಲೆ ಕಟ್ಟಡಗಳಂಥ ಸಾರ್ವಜನಿಕ ಕೆಲಸಗಳಿಗೆ ಹೋಗಬೇಕು ಅನ್ನುವುದು ನಿಯಮ. 1889ರಲ್ಲಿ ವಾಷಿಂಗ್ಟನ್ ರಾಜ್ಯವಾದಾಗಿನಿಂದ ಬಂದ ಏರ್ಪಾಡು. ಅದಕ್ಕೂ ಹಿಂದೆ, 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ, ಸ್ನೋಕ್ವಾಲ್ಮಿ ಮುಂತಾದ ಇಲ್ಲಿನ ಮೂಲ ಜನ ಈ ನೆಲವನ್ನು ಬಿಟ್ಟುಕೊಡಬೇಕಾಯಿತು. ಸ್ನೋಕ್ವಾಲ್ಮಿ ಬುಡಕಟ್ಟಿನವರು ಇವತ್ತು ನಡೆಯಲು ಬರುವವರಿಗೆ ಹೇಳುವುದು ಇಷ್ಟೇ: ಇದು ನಿಮ್ಮ ಆಟದ ಬಯಲು ಮಾತ್ರ ಅಲ್ಲ, ನಮ್ಮ ಹಿರಿಯರ ನೆಲ, ಅದು ಗೊತ್ತಿದ್ದು ನಡೆಯಿರಿ. ಹೀಗೆ ಒಂದೇ ಗುಡ್ಡ ಒಬ್ಬರಿಗೆ ಮನೆ, ಒಬ್ಬರಿಗೆ ಮರ, ಒಬ್ಬರಿಗೆ ಶಾಲೆಯ ಖರ್ಚು, ಒಬ್ಬರಿಗೆ ಶನಿವಾರ. ನನಗೆ ಏನು ಅಂತ ನನಗಿನ್ನೂ ತೀರ್ಮಾನವಾಗಿರಲಿಲ್ಲ.

*

ಮೂವತ್ತನೆಯ ದಿನದ ಹೊತ್ತಿಗೆ ಕಾರು ನಿಲ್ಲಿಸುವಲ್ಲಿ ಹಸಿರು ಹೆಲ್ಮೆಟ್ಟಿನ ಒಂದು ಗುಂಪು ಕಂಡಿತು. ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ, 1966ರಷ್ಟು ಹಳೆಯದು. ದಾರಿಗಳನ್ನು ದುರಸ್ತಿ ಮಾಡಲು ಅವರು ದಿನ ಗೊತ್ತು ಮಾಡುತ್ತಾರೆ, ಯಾರು ಬೇಕಾದರೂ ಹೆಸರು ಬರೆಸಬಹುದು. ಸಲಕರಣೆ, ಹೆಲ್ಮೆಟ್ಟು ಅವರದ್ದು. ಊಟ, ಮೈ, ಕೈ ನಮ್ಮದು. ರಾಜ್ಯದ ಜಾಗದಲ್ಲಿ 24 ಗಂಟೆ ಹೀಗೆ ಕೆಲಸ ಮಾಡಿದರೆ ವರ್ಷದ ಪಾಸು ಉಚಿತ ಅಂತ ಕೇಳಿ ಗೆಳೆಯ ಅಲ್ಲೇ ಲೆಕ್ಕ ಹಾಕಿದ. “ಗಂಟೆಗೆ ಒಂದೂಕಾಲು ಡಾಲರ್ ಬಿತ್ತು. ಸದ್ಯಕ್ಕೆ ಇದಕ್ಕಿಂತ ಜಾಸ್ತಿ ಯಾರೂ ಕೊಡ್ತಿಲ್ಲ,” ಅಂದ. ಮುಂದಿನ ವಾರಕ್ಕೆ ಇಬ್ಬರೂ ಹೆಸರು ಕೊಟ್ಟೆವು.

ನಮ್ಮ ಗುಂಪಿನ ಮುಂದಾಳು ಎಪ್ಪತ್ತು ದಾಟಿದ ಹೆಂಗಸು, ನಿವೃತ್ತ ಶಿಕ್ಷಕಿ. ಸಲಕರಣೆ ಹಿಡಿದು ನಡೆಯುವಾಗ ಒಬ್ಬರಿಗೊಬ್ಬರು ಹತ್ತು ಅಡಿ ಅಂತರ ಇರಬೇಕು, ಹಿಂದಿನಿಂದ ದಾಟುವಾಗ ಕೂಗಿ ಹೇಳಬೇಕು, ದಣಿವಾದರೆ ನಿಲ್ಲಬೇಕು, ಇವು ನಿಯಮ. ನನ್ನ ಕೈಗೆ ಪುಲಾಸ್ಕಿ ಕೊಟ್ಟರು. ಒಂದು ಮಗ್ಗುಲು ಕೊಡಲಿ, ಇನ್ನೊಂದು ಮಗ್ಗುಲು ಗುದ್ದಲಿ. 1910ರ ದೊಡ್ಡ ಕಾಡುಬೆಂಕಿಯಲ್ಲಿ ಹೆಸರಾದ ಎಡ್ ಪುಲಾಸ್ಕಿ ಎಂಬ ಅರಣ್ಯ ಕಾವಲುಗಾರನ ಹೆಸರು ಅದಕ್ಕೆ. ಗೆಳೆಯನಿಗೆ ಅಗಲ ಬಾಯಿಯ ಗುದ್ದಲಿ ಸಿಕ್ಕಿತು.

ಕೆಲಸ ಏನೆಂದರೆ ದಾರಿಯಿಂದ ನೀರು ಇಳಿಸುವುದು. ಸಾವಿರಾರು ಬೂಟುಗಳು ತುಳಿದ ದಾರಿ ನಡುವೆ ತಗ್ಗಾಗುತ್ತದೆ, ಹೊರ ಅಂಚಿನಲ್ಲಿ ಮಣ್ಣು ಏರಿಯಾಗಿ ನಿಲ್ಲುತ್ತದೆ. ಇಳಿಜಾರಿಗೆ ಅಡ್ಡವಾಗಿ ಹರಿದು ಹೋಗಬೇಕಾದ ನೀರು ಏರಿಗೆ ಸಿಕ್ಕಿ ದಾರಿಯುದ್ದಕ್ಕೂ ಓಡುತ್ತದೆ. ಒಂದು ಚಳಿಗಾಲ ಹೀಗೆ ಬಿಟ್ಟರೆ ದಾರಿಯೇ ಹಳ್ಳ. ಜನ ಕೆಸರು ತಪ್ಪಿಸಲು ಪಕ್ಕಕ್ಕೆ ತುಳಿಯುತ್ತಾರೆ, ಜರೀಗಿಡಗಳು ಸಾಯುತ್ತವೆ, ದಾರಿ ಅಗಲವಾಗುತ್ತದೆ. ಪರಿಹಾರ ಸರಳ. ಏರಿ ಕಿತ್ತು ಹಾಕಬೇಕು, ದಾರಿಯನ್ನು ಹೊರಕ್ಕೆ ಕೊಂಚ ವಾಲಿಸಬೇಕು, ಅಲ್ಲಲ್ಲಿ ಓರೆಯಾಗಿ ತಗ್ಗು ತೆಗೆದು ನೀರಿಗೆ ಬಾಯಿ ಬಿಡಿಸಬೇಕು. ತೆಗೆದ ಮಣ್ಣನ್ನು ರಾಶಿ ಹಾಕದೆ ಕೆಳಗೆ ದೂರಕ್ಕೆ ಚೆಲ್ಲಬೇಕು.

ಶಿಕ್ಷಕಿ ಇದನ್ನೆಲ್ಲ ತಾಳ್ಮೆಯಿಂದ ವಿವರಿಸುತ್ತಿದ್ದರೆ ನನ್ನ ಮೈಗೆ ಅದು ಗೊತ್ತಿತ್ತು. ನಮ್ಮ ತೋಟದಲ್ಲಿ ಎರಡು ಸಾಲಿನ ನಡುವೆ ಬಸಿಗಾಲುವೆ ಇರುತ್ತದೆ. ಮಳೆಗಾಲಕ್ಕೆ ಮೊದಲು ಅದನ್ನು ಸವರಿ, ಮಣ್ಣೆತ್ತಿ ಸರಿಮಾಡದಿದ್ದರೆ ಅಡಿಕೆ ಬೇರು ನೀರಲ್ಲಿ ನಿಂತು ಕೊಳೆಯುತ್ತದೆ. ಹೈಸ್ಕೂಲು ಮುಗಿಯುವವರೆಗೆ ಪ್ರತಿ ಮೇ ತಿಂಗಳು ಅಪ್ಪಯ್ಯನ ಹಿಂದೆ ನಿಂತು ಮಾಡಿದ ಕೆಲಸ. ನಾನು ಮಾತಾಡದೆ ಒಂದು ತಗ್ಗು ತೆಗೆದು ಮುಗಿಸಿದೆ. ಶಿಕ್ಷಕಿ ಬಾಟಲಿಯಿಂದ ನೀರು ಸುರಿದರು. ಅದು ಒಂದು ಕ್ಷಣ ನಿಂತು, ತಿರುಗಿ, ಹೊರಕ್ಕೆ ಹೋಯಿತು. ಎಲ್ಲಿ ಕಲಿತಿರಿ ಅಂದರು. ಮನೆಯಲ್ಲಿ ಅಂದೆ.

ಗೆಳೆಯನ ತಗ್ಗಿನಲ್ಲಿ ನೀರು ನಿಂತೇ ಇತ್ತು. ಅವನ ಅಪ್ಪನದ್ದು ಭದ್ರಾ ನಾಲೆಯ ಕೊನೆ ಭಾಗದ ಗದ್ದೆ. “ನಮ್ಮೂರಾಗೆ ನೀರು ತರಿಸೋಕೆ ಹೊಡೆದಾಟ, ನಿಮ್ಮೂರಾಗೆ ಕಳಸೋಕೆ. ನಂಗೆ ನೀರು ಹೊರಗೆ ಬಿಡೋಕೆ ಮನಸ್ಸೇ ಬರವಲ್ದು,” ಅಂದ. ಮಧ್ಯಾಹ್ನದ ಹೊತ್ತಿಗೆ ಅವನಿಗೂ ಹದ ಸಿಕ್ಕಿತು. ಒಂದು ತಿರುವಿನಲ್ಲಿ, ಸೀಡರ್ ಮೋಟಿನ ಪಕ್ಕ, ಇಬ್ಬರೂ ಸೇರಿ ಒಂದು ಅಗಲವಾದ ಬಾಯಿ ತೆಗೆದೆವು. ನಡುವೆ ಮಿಠಾಯಿ ಹಂಚುತ್ತಾರೆ, ಎಲ್ಲರೂ ಮೋಟುಗಳ ಮೇಲೆ ಕೂತು ತಿನ್ನುತ್ತಾರೆ. ಏನು ಕೆಲಸ ಮಾಡುತ್ತೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೆಲಸ ಮಾಡುತ್ತಿದ್ದದ್ದು ಕಾಣುತ್ತಿತ್ತು.

ಆ ದಿನ ಸಂಜೆ ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಮೊದಲ ಸಲ ಗುಡ್ಡದ ಬಗ್ಗೆ ನಿಜವಾದ ಪ್ರಶ್ನೆಗಳನ್ನು ಕೇಳಿದರು. ಮಣ್ಣು ಯಾವ ಬಣ್ಣ, ಕಲ್ಲು ಇದೆಯಾ, ವಾಟ ಎಷ್ಟು ಕೊಟ್ಟಿರಿ, ಬಾಯಿಗೆ ಕಲ್ಲು ಕಟ್ಟಿದಿರಾ. ಇಪ್ಪತ್ತು ನಿಮಿಷ ಮಾತಾಡಿದೆವು. ವೀಸಾದ ಸುದ್ದಿ ಬರಲೇ ಇಲ್ಲ. ದಾರಿಯಲ್ಲಿ ನಡೆಯುವುದಕ್ಕೂ ದಾರಿಯನ್ನು ಕಾಯುವುದಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಆ ಮಾತಿನ ನಡುವೆ. ಸಂರಕ್ಷಿತ ಪ್ರದೇಶ ಅಂತ ಕಾಗದದಲ್ಲಿ ಬರೆದರೆ ಮರ ಕಡಿಯುವವರು ನಿಲ್ಲುತ್ತಾರೆ. ಪ್ರೀತಿಯಿಂದ ನಡೆಯಲು ಬರುವವರ ಕಾಲು ನಿಲ್ಲುವುದಿಲ್ಲ. ಆ ಪ್ರೀತಿಯ ಗಾಯವನ್ನು ಯಾರೋ ಬುಧವಾರ ಬಂದು ಗುದ್ದಲಿಯಲ್ಲಿ ಮುಚ್ಚಬೇಕು. ನಮ್ಮ ಸೊಪ್ಪಿನ ಬೆಟ್ಟದ ಹಾಗೆಯೇ ಇದು ಕೂಡ. ನೆಲ ಸರ್ಕಾರದ್ದು, ಮರ ಸರ್ಕಾರದ್ದು, ಬಳಕೆ ನಮ್ಮದು. ಬಳಸುವವರು ನೋಡಿಕೊಳ್ಳದಿದ್ದರೆ ಬೆಟ್ಟ ಬೋಳಾಗುತ್ತದೆ ಅನ್ನುವುದನ್ನು ನಮ್ಮ ಕಡೆ ಎಲ್ಲರೂ ಕಣ್ಣಾರೆ ಕಂಡಿದ್ದಾರೆ.

ಇನ್ನೂ ಎರಡು ಸಲ ಹೋದೆವು. 24 ಗಂಟೆಗೆ ಸ್ವಲ್ಪ ಕಡಿಮೆ ಬಿತ್ತು.

ನಲವತ್ತೊಂಬತ್ತನೆಯ ದಿನ ನನಗೆ ಒಂದು ಕೆಲಸ ಸಿಕ್ಕಿತು. ಸಣ್ಣ ಕಂಪನಿ, ಕಡಿಮೆ ಸಂಬಳ, ಕೆಳಗಿನ ಹುದ್ದೆ. ಐವತ್ತಾರನೆಯ ದಿನ ಅರ್ಜಿ ಸಲ್ಲಿಸಿದ ರಸೀದಿ ಬಂತು. ಗೆಳೆಯನಿಗೆ ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿ ನಿಂತಿತು. ನಾವಿಬ್ಬರೂ ಒಂದೇ ಕಾಲೇಜಿನಷ್ಟೇ ಸಾಧಾರಣ ಕಾಲೇಜುಗಳಲ್ಲಿ ಓದಿದವರು, ಒಂದೇ ಬಗೆಯ ಕೆಲಸ ಮಾಡಿದವರು, ಒಂದೇ ದಿನ ಕೆಲಸ ಕಳೆದುಕೊಂಡವರು. ಅವನು ನನಗಿಂತ ಜಾಣ. ಇದಕ್ಕೆ ಕಾರಣ ಹುಡುಕಿದರೆ ಸಿಗುವುದಿಲ್ಲ. ಐವತ್ತೆಂಟನೆಯ ದಿನ ನಾಲ್ವರೂ ಹೊರಟರು. ಎಂಟನೇ ತರಗತಿಯ ಹುಡುಗ ಶಾಲೆಯ ವರ್ಷ ಮುಗಿಯುವುದಕ್ಕೆ ಒಂದು ತಿಂಗಳಿರುವಾಗ ಗೆಳೆಯರ ಸಹಿ ಇರುವ ಅಂಗಿ ಹಾಕಿಕೊಂಡು ಕಾರು ಹತ್ತಿದ. ಕುಕ್ಕರು, ಗ್ರೈಂಡರು, ಚಳಿಗಾಲದ ಬೂಟು ನಮ್ಮ ಮನೆಗೆ ಬಂದವು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ನನ್ನ ರಸೀದಿಯ ಸುದ್ದಿಗೆ ಅವನು ಪಟ್ಟ ಸಂತೋಷ ನಿಜವಾದದ್ದು. ಅದನ್ನು ನೋಡುವುದು ಕಷ್ಟವಾಗಿತ್ತು.

ನನಗೆ ಶನಿವಾರಗಳು ವಾಪಸ್ಸು ಬಂದವು. ಈಗಲೂ ಎಂಟಕ್ಕೆ ಮೊದಲು ಹೋಗಿ ಕಾರು ನಿಲ್ಲಿಸುತ್ತೇವೆ. ಗುಂಪಿನಲ್ಲಿ ಯಾರಾದರೂ ಒಬ್ಬರೇ, ಕಂಪನಿ ಜಾಕೆಟ್ಟಿನಲ್ಲಿ, ಫೋನು ಹಿಡಿದು ಹತ್ತುತ್ತಿದ್ದರೆ ನಾನು ತಲೆಯಾಡಿಸುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಸಲ ಹಸಿರು ಹೆಲ್ಮೆಟ್ಟು ಹಾಕುತ್ತೇನೆ. ಪಾಸಿಗೆ ದುಡ್ಡು ಕೊಡುವುದು ತಪ್ಪಿದೆ. ಅಪ್ಪಯ್ಯನಿಗೆ ಆ ವಿಷಯ ಬಹಳ ಇಷ್ಟ.

ಆ ವರ್ಷ ನವೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು, ಇಲ್ಲಿಯ ಲೆಕ್ಕಕ್ಕೆ ಜೋರು ಮಳೆ. ಮಗಳ ಜೊತೆ ಆ ತಿರುವಿಗೆ ಹೋದೆ. ಮೇಪಲ್ ಮರಗಳು ಎಲೆ ಉದುರಿಸಿದ್ದವು. ಇಲ್ಲಿನ ಮೇಪಲ್ ಎಲೆ ಊಟದ ತಟ್ಟೆಯಷ್ಟು ಅಗಲ. ಕೊಳೆತ ಎಲೆ ತಗ್ಗಿನ ಬಾಯಿಗೆ ಕಟ್ಟಿಕೊಂಡು ನೀರು ದಾರಿಗೆ ಏರುವುದರಲ್ಲಿತ್ತು. ಬೂಟಿನ ಹಿಮ್ಮಡಿಯಲ್ಲಿ ಸರಿಸಿದೆ, ಮಗಳು ಕೋಲಿನಲ್ಲಿ ಕೆದಕಿದಳು. ನೀರು ಸೀಡರ್ ಮೋಟಿನ ಪಕ್ಕ ಇಳಿದು ಜರೀಗಿಡಗಳ ಕೆಳಗೆ ಹೋಯಿತು. ವಿಡಿಯೋದಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಅವರು ನೀರನ್ನು ನೋಡಲಿಲ್ಲ. ದಾರಿಯ ಎರಡೂ ಬದಿ ಮೊಣಕಾಲೆತ್ತರ ಬಿದ್ದ ಎಲೆಗಳನ್ನೇ ನೋಡಿ, “ಇಷ್ಟು ದರಕು ಇದ್ದು, ಯಾರೂ ಗುಡಿಸ್ತ್ವಿಲ್ಯಾ?” ಅಂದರು.

ಅದೇ ವಿಡಿಯೋ ಗೆಳೆಯನಿಗೂ ಕಳಿಸಿದೆ. ಅವನೀಗ ಬೆಂಗಳೂರಿನಲ್ಲಿದ್ದಾನೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲಿನಲ್ಲಿ ನಿಂತು ಫೋಟೋ ಕಳಿಸುತ್ತಿರುತ್ತಾನೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ವಾಟ ಸಾಲದು ಭಟ್ರೆ. ಇನ್ನೊಂದು ಗೇಣು ತೆಗೀಬೇಕಿತ್ತು.”